ಗಾಜಿನ ಕಪಾಟಿನ ಭ್ರಮೆ

ಇಕ್ಕೇರಿ ಸೀಮೆಯ ಹಳೆಯ ಮನೆಗಳಲ್ಲಿ ಇಂದಿಗೂ ಉಳಿದಿರುವ ವಸ್ತುಗಳು ಹಲವು ಬಗೆಯವು. ತಾಮ್ರ, ಹಿತ್ತಾಳೆ, ಕಂಚಿನ ಹಂಡೆ, ದೀಪ, ಪೂಜಾಪಾತ್ರೆ, ವಿಗ್ರಹಗಳು ಒಂದು ಬಗೆ. ಮರಿಗೆ, ಕೊಳಗ, ಪೆಟ್ಟಿಗೆ, ಕೆತ್ತನೆಯ ಬಾಗಿಲುವಾಡ, ಗುಡಿಗಾರರ ಕೈಯ ಮಂಟಪಗಳು ಇನ್ನೊಂದು. ತಾಳೆಗರಿಯ ಕಟ್ಟು, ಕಡತ, ಜಮೀನಿನ ಕಾಗದಪತ್ರ, ಫೋಟೊಗಳು ಮೂರನೆಯದು. ಇವುಗಳ ಜೊತೆಗೆ ಜರಿಸೀರೆ, ಯಕ್ಷಗಾನದ ಆಭರಣ, ನಾಣ್ಯ, ಕತ್ತಿ, ಕೋವಿ. ಇವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈಗ ಒಂದೇ ಉತ್ತರ ಚಾಲ್ತಿಯಲ್ಲಿದೆ: ಅಟ್ಟದಿಂದ ಇಳಿಸುವುದು, ಲೋಹವನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು, ಮರಕ್ಕೆ ವಾರ್ನಿಶ್ ಬಳಿಯುವುದು, ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸುವುದು, ಎಲ್ಲವನ್ನೂ ಜಗಲಿಯ ಗಾಜಿನ ಕಪಾಟಿನಲ್ಲಿ ದೀಪ ಹಾಕಿ ಜೋಡಿಸುವುದು. ಹೊಸ ಮನೆಗಳಲ್ಲೂ ಹೋಮ್‌ಸ್ಟೇಗಳಲ್ಲೂ ಇದೇ ಮಾದರಿ. ನಾಲ್ಕು ಜನರ ಕಣ್ಣಿಗೆ ಬಿದ್ದ ವಸ್ತು ಉಳಿಯಿತು ಎಂಬುದು ಈ ಅಭಿಪ್ರಾಯದ ತಿರುಳು.

ಇದು ತಪ್ಪು ಅಭಿಪ್ರಾಯ. ಮಲೆನಾಡಿನ ಹವೆಯಲ್ಲಿ ಈ ಐದು ಕೆಲಸಗಳಲ್ಲಿ ಒಂದೊಂದೂ ವಸ್ತುವಿನ ಆಯುಸ್ಸನ್ನು ಕಡಿಮೆ ಮಾಡುತ್ತದೆ. ಮೂರು ತಲೆಮಾರು ಅಟ್ಟದ ಮೇಲೆ ಹೇಗೋ ಉಳಿದುಬಂದದ್ದನ್ನು ಒಂದು ತಲೆಮಾರಿನ ಅಭಿಮಾನ ಕೆಡಿಸುತ್ತಿದೆ. ಕೆಡಿಸುವವರ ಮನಸ್ಸಿನಲ್ಲಿರುವುದು ಪ್ರೀತಿಯೇ ಆದ್ದರಿಂದ ಈ ಹಾನಿ ಯಾರ ಗಮನಕ್ಕೂ ಬರುವುದಿಲ್ಲ.

ಮೊದಲು ಹವೆಯ ವಿಚಾರ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯ ಸರಾಸರಿ ವಾರ್ಷಿಕ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಹೊಸನಗರ ತಾಲೂಕಿನ ಹುಲಿಕಲ್ ಕೆಲವು ವರ್ಷ ಅದನ್ನೂ ಮೀರಿಸುತ್ತದೆ. ಆಷಾಢ, ಶ್ರಾವಣಗಳಲ್ಲಿ ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡ 90ರ ಮೇಲೆಯೇ ನಿಲ್ಲುತ್ತದೆ. ಬೂಸ್ಟು ಬೆಳೆಯಲು ಅಷ್ಟು ಬೇಕಿಲ್ಲ, ಶೇಕಡ 65–70 ದಾಟಿದರೆ ಸಾಕು. ಇಂಥ ಕಡೆ ಗಾಳಿಯಾಡದ ಪೆಟ್ಟಿಗೆ ವಸ್ತುವನ್ನು ಮಳೆಗಾಲದಿಂದ ಕಾಯುವುದಿಲ್ಲ, ಮಳೆಗಾಲವನ್ನೇ ಒಳಗೆ ಕೂಡಿಹಾಕುತ್ತದೆ. ಗೋಡೆಗೆ ಒತ್ತಿಸಿ ಕಟ್ಟಿದ ಕಪಾಟಿನ ಬೆನ್ನಿಗೆ ಜಂಬಿಟ್ಟಿಗೆಯ ಗೋಡೆ ಹೀರಿದ ನೀರೆಲ್ಲ ಇಳಿಯುತ್ತದೆ. ಪಡುವಣ ಗೋಡೆಯಾದರಂತೂ ಹೇಳುವುದೇ ಬೇಡ. ಮಳೆ ಹಿಡಿಯುವ ಮೊದಲು ಆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಹಿರಿಯರಿಗೆ ನೀರು ಬರುವ ದಿಕ್ಕು ಯಾವುದೆಂದು ತಿಳಿದಿತ್ತು.

ಕಪಾಟಿನೊಳಗಿನ ದೀಪ ಹಾನಿಯನ್ನು ಇಮ್ಮಡಿಸುತ್ತದೆ. ಸಂಜೆ ದೀಪ ಹಾಕಿದಾಗ ಒಳಗಿನ ಗಾಳಿ ಬಿಸಿಯಾಗಿ ಮರ, ಕಾಗದ, ಬಟ್ಟೆಗಳಲ್ಲಿದ್ದ ತೇವ ಹೊರಗೆ ಬರುತ್ತದೆ. ರಾತ್ರಿ ದೀಪ ಆರಿಸಿ ಗಾಜು ತಣ್ಣಗಾದ ಮೇಲೆ ಅದೇ ತೇವ ಮರಳಿ ವಸ್ತುವಿನ ಮೇಲೆ ಕೂರುತ್ತದೆ. ದಿನವೂ ಹೀಗೆ ಹಿಗ್ಗಿ ಕುಗ್ಗಿದ ಮರ ಸೀಳುತ್ತದೆ, ಬಣ್ಣದ ಪದರ ಚಕ್ಕೆ ಏಳುತ್ತದೆ. ಕಪಾಟಿನ ಪ್ಲೈವುಡ್ ಮತ್ತು ಅದರ ಅಂಟು ಬಿಡುವ ಆಮ್ಲದ ಆವಿ ಮುಚ್ಚಿದ ಜಾಗದಲ್ಲಿ ಸೇರಿಕೊಂಡು ಲೋಹವನ್ನೂ ಕಾಗದವನ್ನೂ ತಿನ್ನುತ್ತದೆ. ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಸಾಕೆಂಬ ನಂಬಿಕೆಗೂ ಬುಡವಿಲ್ಲ. ಸಂದಿಗಳಿರುವ ಕಪಾಟಿನಲ್ಲಿ ಆ ಹರಳುಗಳು ಬಹುಬೇಗ ತೇವ ತುಂಬಿಕೊಂಡು ನಿಷ್ಪ್ರಯೋಜಕವಾಗುತ್ತವೆ. ಮತ್ತೆ ಮತ್ತೆ ಬಿಸಿ ಮಾಡಿ ಒಣಗಿಸದಿದ್ದರೆ ಅವು ಇದ್ದೂ ಇಲ್ಲದಂತೆ. ಹಸಿ ಅಡಿಕೆಯನ್ನು ಚೀಲದಲ್ಲಿ ಕಟ್ಟಿಟ್ಟರೆ ಏನಾಗುತ್ತದೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ಅಡಿಕೆಗೆ ತೋರುವ ಆ ಎಚ್ಚರವನ್ನು ಅಜ್ಜನ ಕೈಬರಹಕ್ಕೆ ತೋರದಿರುವುದಕ್ಕೆ ಅಜ್ಞಾನವನ್ನು ಬಿಟ್ಟು ಬೇರೆ ಕಾರಣವಿಲ್ಲ.

ಹಿಂದಿನ ಏರ್ಪಾಡು ಬೇರೆಯಿತ್ತು. ತಾಳೆಗರಿಯ ಕಟ್ಟುಗಳು ಮರದ ಹಲಗೆಗಳ ನಡುವೆ ದಾರದಲ್ಲಿ ಬಿಗಿದು, ಬಟ್ಟೆ ಸುತ್ತಿ, ಅಡಿಗೆಮನೆಯ ಹೊಗೆ ತಾಗುವ ಅಟ್ಟದಲ್ಲೋ ನಾಗಂದಿಗೆಯ ಮೇಲೋ ಇರುತ್ತಿದ್ದವು. ಜೊತೆಗೆ ಬಜೆಯ ತುಂಡು, ಬೇವಿನ ಎಲೆ. ನವರಾತ್ರಿಯ ಸರಸ್ವತೀ ಪೂಜೆಗೆ ಅವನ್ನು ಇಳಿಸಿ, ಬಿಚ್ಚಿ, ಒರೆಸಿ, ಪೂಜೆಗಿಟ್ಟು ಮತ್ತೆ ಕಟ್ಟಿಡುತ್ತಿದ್ದರು. ಮಳೆ ಹಿಂದೆಗೆಯುವ ಹೊತ್ತಿಗೆ ಸರಿಯಾಗಿ ಬರುವ ಈ ಆಚರಣೆಯಲ್ಲಿ ವರ್ಷದ ತಪಾಸಣೆ ತಾನಾಗಿ ನಡೆಯುತ್ತಿತ್ತು: ಹುಳು ಬಿದ್ದಿದೆಯೇ, ಗರಿ ಅಂಟಿಕೊಂಡಿದೆಯೇ, ದಾರ ಸವೆದಿದೆಯೇ ಎಂಬುದು ತಿಳಿಯುತ್ತಿತ್ತು. ಆ ಏರ್ಪಾಡಿನಲ್ಲಿ ದೋಷಗಳೂ ಇದ್ದವು. ಹೊಗೆಯ ಮಸಿ ಅಕ್ಷರ ಮುಚ್ಚುತ್ತಿತ್ತು, ಬಿಸಿಗೆ ಗರಿ ಸುಕ್ಕುಗಟ್ಟಿ ಮುರಿಯುತ್ತಿತ್ತು, ಇಲಿ, ಒರಲೆ, ಬೆಂಕಿ ಎಷ್ಟನ್ನೋ ನುಂಗಿದವು. ಹಾಗಾಗಿ ಹಳೆಯದನ್ನು ಹಾಗೆಯೇ ಮರಳಿ ತರಬೇಕೆಂಬುದು ವಾದವಲ್ಲ. ಕತ್ತಲೆ, ಗಾಳಿಯಾಟ, ಕೀಟಕ್ಕೆ ಒಗ್ಗದ ವಾಸನೆ, ವರ್ಷಕ್ಕೊಮ್ಮೆಯ ಪರೀಕ್ಷೆ ಎಂಬ ನಾಲ್ಕು ಗುಣ ಅದರಲ್ಲಿದ್ದವು. ಗಾಜಿನ ಕಪಾಟಿನಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ.

ಎರಡನೆಯ ತಪ್ಪು ತಿಕ್ಕುವುದು. ಹುಣಸೆಹಣ್ಣು, ನಿಂಬೆಹುಳಿಗಳ ಆಮ್ಲ ಕಿಲುಬನ್ನು ಮಾತ್ರ ತೆಗೆಯುವುದಿಲ್ಲ, ಲೋಹವನ್ನೂ ಕರಗಿಸುತ್ತದೆ. ಹಿತ್ತಾಳೆಯಲ್ಲಿರುವ ಸತು ಮೊದಲು ಕರಗಿ ತಾಮ್ರ ಮೇಲೆ ಉಳಿಯುವುದರಿಂದ ಹುಳಿಯಲ್ಲಿ ನೆನೆಸಿದ ಪಾತ್ರೆ ಕೆಂಪಾಗಿ ಕಾಣುತ್ತದೆ. ಅದನ್ನೇ ಜನ ಸ್ವಚ್ಛವೆಂದು ತಿಳಿಯುತ್ತಾರೆ. ಹಂಡೆಯ ಕಂಠದ ಮೇಲೆ ಕೊರೆಸಿದ ಮನೆಯ ಹೆಸರು, ದೇವಸ್ಥಾನದ ಗಂಟೆಯ ಮೇಲಿನ ದಾನಿಯ ಹೆಸರು, ವಿಗ್ರಹದ ಮುಖದ ಗೆರೆ, ಎಲ್ಲವೂ ಪ್ರತಿ ಸಲ ತಿಕ್ಕಿದಾಗ ಕೂದಲೆಳೆಯಷ್ಟು ಸವೆಯುತ್ತವೆ. ಹುಳಿಗೆ ಉಪ್ಪು ಬೆರೆಸುವ ರೂಢಿ ಇನ್ನೂ ಅಪಾಯಕಾರಿ. ತಾಮ್ರ, ಕಂಚಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ಉಪ್ಪು ತೇವ ಕಂಡಾಗಲೆಲ್ಲ ಲೋಹವನ್ನು ಒಳಗಿನಿಂದ ತಿನ್ನುತ್ತಾ ತಿಳಿಹಸಿರು ಪುಡಿಯಾಗಿ ಹೊರಬರುತ್ತದೆ. ಒರೆಸಿದರೂ ಮತ್ತೆ ಬರುತ್ತದೆ. ಗಟ್ಟಿಯಾಗಿ ಕೂತ, ಸಮನಾದ ಕಂದು ಅಥವಾ ಕಡುಹಸಿರು ಪದರ ಹಾಗಲ್ಲ. ಅದು ಲೋಹದ ಕವಚ, ಅದನ್ನು ಕೊಳೆಯೆಂದು ಕಿತ್ತರೆ ಲೋಹ ಬತ್ತಲಾಗುತ್ತದೆ.

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ದಿನವೂ ಪೂಜೆಗೆ ಬಳಸುವ ದೀಪ, ಪಂಚಪಾತ್ರೆಗಳನ್ನು ದಿನವೂ ಬೆಳಗಬೇಕು, ಬೆಳಗುವುದೇ ಅವುಗಳ ಬಾಳು. ಬಳಕೆಯಿಂದ ಹಿಂದೆ ಸರಿದು ಮನೆತನದ ಸಾಕ್ಷಿಯಾಗಿ ಉಳಿದ ವಸ್ತುವಿನ ಧರ್ಮ ಬೇರೆ. ಅದಕ್ಕೆ ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಈ ಎರಡನ್ನೂ ಒಂದೇ ಕಲ್ಲಿನ ಮೇಲೆ ತಿಕ್ಕುವುದು ವಿವೇಕವಲ್ಲ.

ಮರದ ವಿಷಯದಲ್ಲೂ ಹೀಗೆಯೇ. ತೊಲೆ, ಪಕಾಸಿಗಳಿಗೆ ಒರಲೆ ಬಾರದಿರಲೆಂದು ಗೇರೆಣ್ಣೆ ಬಳಿಯುವ ಪದ್ಧತಿ ಮಾಡಿನ ಮರಕ್ಕೆ ತಕ್ಕದ್ದು. ಅದೇ ಎಣ್ಣೆಯನ್ನೋ ಹೊಳೆಯುವ ವಾರ್ನಿಶನ್ನೋ ಗುಡಿಗಾರರ ಕೆತ್ತನೆಗೆ ಬಳಿದರೆ ಉಳಿಯ ಗೆರೆ ತುಂಬಿಹೋಗುತ್ತದೆ, ಹಳೆಯ ಬಣ್ಣದ ಕುರುಹು ಅಳಿಯುತ್ತದೆ. ಕುಟ್ಟೆ ಒಳಗಿರುವಾಗಲೇ ಮೇಲೆ ವಾರ್ನಿಶ್ ಬಳಿದರೆ ಹುಳು ಸಾಯುವುದಿಲ್ಲ, ಅದು ಕೊರೆಯುತ್ತಿರುವುದು ಕಾಣದಂತಾಗುತ್ತದೆ ಅಷ್ಟೆ. ಮರದ ಕೆಳಗೆ ಉದುರಿದ ಹೊಸ ಹಿಟ್ಟು ಹುಳು ಜೀವಂತವಾಗಿದೆ ಎಂಬುದರ ಗುರುತು. ಅಂಥ ವಸ್ತುವನ್ನು ಮೊದಲು ಬೇರೆಯವುಗಳಿಂದ ದೂರ ಇಡಬೇಕು. ಗಾಜಿನ ಕಪಾಟು ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಒಂದರ ಹುಳುವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಹಗುರ ಮರದಲ್ಲಿ ಮಾಡಿದ ಯಕ್ಷಗಾನದ ಕಿರೀಟ, ಭುಜಕೀರ್ತಿಗಳಿಗೆ ಈ ಅಪಾಯ ಎಲ್ಲಕ್ಕಿಂತ ಹೆಚ್ಚು.

ಬರಹದ ವಸ್ತುಗಳಿಗೆ ಆಗುವ ಹಾನಿಯನ್ನು ಸರಿಪಡಿಸುವ ದಾರಿಯೇ ಇಲ್ಲ. ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಮಡಿಕೆ ಬಟ್ಟೆ. ಅದರ ಮೇಲೆ ಬರೆದದ್ದು ಬಳಪದಿಂದ. ಹಸಿ ಬಟ್ಟೆಯಿಂದ ಒಮ್ಮೆ ಒರೆಸಿದರೆ ಒಂದು ಮನೆತನದ ಲೆಕ್ಕ, ಒಂದು ಗ್ರಾಮದ ಕಥೆ ಅಳಿಸಿಹೋಗುತ್ತದೆ. ತಾಳೆಗರಿಯ ಅಕ್ಷರ ಕಂಟವೆಂಬ ಲೋಹದ ಲೇಖನಿಯಿಂದ ಕೊರೆದದ್ದಾದ್ದರಿಂದ ಅಷ್ಟು ಸುಲಭವಾಗಿ ಅಳಿಯದು. ಆದರೆ ಮಳೆಗಾಲ ಮುಗಿದೊಡನೆ ಅಂಗಳದ ಬಿಸಿಲಿಗೆ ಹರಡಿದರೆ ಗರಿ ಸುರುಟಿ ಸೀಳುತ್ತದೆ. ಅದನ್ನು ಒಣಗಿಸಬೇಕಾದದ್ದು ನೆರಳಿನಲ್ಲಿ, ಗಾಳಿಯಲ್ಲಿ. ಸುತ್ತಲು ಕೆಂಪು ಬಟ್ಟೆಯೇ ಆಗಬೇಕೆಂಬ ನಂಬಿಕೆಯನ್ನೂ ಈಗ ಬಿಡಬೇಕು. ಅಂಗಡಿಯ ಕೆಂಪು ಬಟ್ಟೆ ತೇವಕ್ಕೆ ಬಣ್ಣ ಬಿಟ್ಟು ಗರಿಗೆ ಕಲೆ ಹತ್ತಿಸುತ್ತದೆ. ಗಂಜಿ ಹೋಗುವಂತೆ ಒಗೆದ, ಬಣ್ಣವಿಲ್ಲದ ಹತ್ತಿಬಟ್ಟೆ ಒಳ್ಳೆಯದು.

ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸುವುದನ್ನು ರಕ್ಷಣೆಯೆಂದು ಕರೆಯುವುದು ಮಾತಿನ ದುರುಪಯೋಗ. ಕಾಯಿಸಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬಾರದು. ಕಾಗದದ ಆಮ್ಲ ಮತ್ತು ತೇವ ಒಳಗೇ ಉಳಿದು ಅದು ಹಳದಿಯಾಗುತ್ತಾ ಮುರಿಯುತ್ತದೆ. ಹರಿದಲ್ಲಿ ಅಂಟಿಸಿದ ಸೆಲ್ಲೋಟೇಪು ಕೆಲವು ವರ್ಷಗಳಲ್ಲಿ ಕಿತ್ತು ಬಂದರೂ ಅದರ ಕಂದು ಕಲೆ ಹೋಗುವುದಿಲ್ಲ. ಹಳೆಯ ಫೋಟೊವನ್ನು ಗಾಜಿಗೆ ತಾಗಿಸಿ ಚೌಕಟ್ಟು ಹಾಕಿಸಿದರೆ ಮಳೆಗಾಲದಲ್ಲಿ ಅದರ ಮೇಲ್ಪದರ ಉಬ್ಬಿ ಗಾಜಿಗೇ ಅಂಟಿಕೊಳ್ಳುತ್ತದೆ. ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ಕಾಗದದ ಅಂಚು ಇರಲೇಬೇಕು. ಹುಳು ಬಾರದಿರಲೆಂದು ಇವುಗಳ ನಡುವೆ ನುಸಿಗುಳಿಗೆ ಇಡುವುದೂ ಬೇಡ, ಅದರ ಆವಿ ಮನುಷ್ಯರಿಗೂ ಕೆಟ್ಟದ್ದು.

ಬೆಳಕಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಹಾಕಿದರೆ ಗಾಬರಿಯಾಗುತ್ತದೆ. ಕಾಗದ, ಬಟ್ಟೆ, ನೀರುಬಣ್ಣಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ವಸ್ತುಸಂಗ್ರಹಾಲಯಗಳು ಒಪ್ಪಿರುವ ಮಿತಿ. ನೆತ್ತಿಯ ಬಿಸಿಲು ಸುಮಾರು 1,00,000 ಲಕ್ಸ್. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಪ್ರದರ್ಶಿಸಿದ ವಸ್ತುವಿಗೆ ಸಂಗ್ರಹಾಲಯದಲ್ಲಿ ತಗಲುವಷ್ಟು ಬೆಳಕು ಅಂಗಳದ ಬಿಸಿಲಿನಲ್ಲಿ ಸುಮಾರು 1 ಗಂಟೆ 12 ನಿಮಿಷಕ್ಕೇ ತಗಲುತ್ತದೆ. ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು, ಮಾಸಿದ ಬಣ್ಣ ಕತ್ತಲೆಯಲ್ಲಿಟ್ಟರೂ ಮರಳುವುದಿಲ್ಲ. ಕಿಟಕಿಯೆದುರಿನ ಕಪಾಟಿನಲ್ಲಿ ಅಜ್ಜಿಯ ಸೀರೆ ಹರಡಿಟ್ಟರೆ ಮೊಮ್ಮಕ್ಕಳಿಗೆ ಉಳಿಯುವುದು ಅದರ ಜರಿ ಮಾತ್ರ.

ಎಲ್ಲ ವಸ್ತುವನ್ನೂ ಮನೆಯೊಳಗೆ ತಂದು ಇಡಬಹುದು ಎಂಬುದೂ ಸರಿಯಲ್ಲ. ಈ ಸೀಮೆಯ ಗದ್ದೆಬದಿ, ಕೆರೆಯೇರಿಗಳಲ್ಲಿರುವ ವೀರಗಲ್ಲು, ಮಾಸ್ತಿಕಲ್ಲುಗಳನ್ನು ತಂದು ತೋಟದ ಮನೆಯ ಮುಂದೆ ನೆಟ್ಟು, ಎಣ್ಣೆಬಣ್ಣ ಬಳಿದು ಅಲಂಕಾರ ಮಾಡುವುದು ಸಂಗ್ರಹವಲ್ಲ. ಅವು ಊರಿನ ಸೊತ್ತು, ಯಾರೊಬ್ಬರ ಮನೆಯದಲ್ಲ. ಯಾವ ಊರಿನ ಯಾವ ಗಡಿಯಲ್ಲಿ ವೀರ ಬಿದ್ದನೆಂಬುದೇ ಆ ಕಲ್ಲಿನ ಅರ್ಥ, ಜಾಗ ತಪ್ಪಿದರೆ ಅರ್ಥವೂ ತಪ್ಪುತ್ತದೆ. ದೀವರ ಹಸೆ ಚಿತ್ತಾರದ ದಾರಿಯೂ ಬೇರೆ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಎಳೆಯುವ ಗೆರೆ, ಭೂಮಿ ಹುಣ್ಣಿಮೆಗೆ ಬರೆಯುವ ಬುಟ್ಟಿ, ಇವೆಲ್ಲ ಮತ್ತೆ ಮತ್ತೆ ಬರೆಯಲೆಂದೇ ಇರುವಂಥವು. ಅಲ್ಲಿ ಉಳಿಯಬೇಕಾದದ್ದು ಬರೆಯುವ ಕೈ. ಹಳೆಯ ಬುಟ್ಟಿಯೊಂದನ್ನು ಗಾಜಿನೊಳಗಿಟ್ಟು, ಬರೆಯುವ ಹೆಂಗಸರಿಗೆ ಕೆಲಸ ಕೊಡದಿದ್ದರೆ ಕಲೆ ಉಳಿಯದು.

ವಸ್ತುವಿನ ವಿವರವನ್ನು ಬರೆದಿಡುವುದೂ ರಕ್ಷಣೆಯೇ. ಗಾಜಿನ ಕಪಾಟಿನ ಪಕ್ಷ ಇದನ್ನು ಪೂರ್ತಿ ಮರೆತಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 8ನೇ ಸಂಪುಟ 1904ರಲ್ಲಿ ಪ್ರಕಟವಾಯಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳು ಅದರಲ್ಲಿವೆ. ತಾಮ್ರಪಟಗಳ ಪಾಠದ ಜೊತೆ ಅವು ಯಾರ ವಶದಲ್ಲಿದ್ದವೆಂಬುದನ್ನೂ ಅಲ್ಲಿ ನಮೂದಿಸಲಾಗಿದೆ. ಅಲ್ಲಿ ದಾಖಲಾದ ಪಟ ನಾಳೆ ಕಳೆದರೂ ಅದರ ಮಾತು ಕಳೆಯದು. ದಾಖಲಾಗದ ಪಟ ಗಾಜಿನೊಳಗೆ ಎಷ್ಟೇ ಹೊಳೆದರೂ ಕಳ್ಳನ ಕೈಸೇರಿದ ದಿನ ಇಲ್ಲವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಡೆಯಾದವು. ಅಲ್ಲಿಂದ ಎದ್ದುಬಂದ ಕುಟುಂಬಗಳ ಪೆಟ್ಟಿಗೆ, ಕೊಳಗಗಳ ಮಟ್ಟಿಗೆ ಈ ಮಾತು ಇನ್ನೂ ಕಠಿಣ ಸತ್ಯ. ಆ ಊರು ನೀರಿನಡಿಯಲ್ಲಿದೆ, ಅದನ್ನು ಕಂಡವರ ಸಂಖ್ಯೆ ವರ್ಷವರ್ಷಕ್ಕೂ ಇಳಿಯುತ್ತಿದೆ. ಊರ ಹೆಸರು ಬರೆದ ಚೀಟಿ ಇಲ್ಲದಿದ್ದರೆ ಆ ಪೆಟ್ಟಿಗೆ ಇನ್ನೊಂದು ತಲೆಮಾರಿಗೆ ಬರೀ ಹಳೆ ಮರ.

ಕಳ್ಳತನದ ಭಯವೂ ಕಲ್ಪನೆಯದಲ್ಲ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯ ಕವಿಮನೆಯಲ್ಲಿ 2015ರ ನವೆಂಬರಿನಲ್ಲಿ ನಡೆದ ಕಳ್ಳತನದಲ್ಲಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳು ಹೋದವು. ನಾಡೇ ಸ್ಮಾರಕವಾಗಿ ಕಾಯುವ ಮನೆಗೆ ಇಂಥ ನಷ್ಟ ಸಂಭವಿಸಿದರೆ, ಜಗಲಿಯ ಕಪಾಟಿನಲ್ಲಿ ವಿಗ್ರಹ ಜೋಡಿಸಿ ಅದರ ಫೋಟೊವನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚುವ ಒಂಟಿಮನೆಯ ಗತಿ ಊಹೆಗೆ ಬಿಟ್ಟದ್ದು. 1997ರಿಂದ ಬಳಕೆಯಲ್ಲಿರುವ ಆಬ್ಜೆಕ್ಟ್ ಐಡಿ ಎಂಬ ಅಂತರರಾಷ್ಟ್ರೀಯ ಕ್ರಮ ಕೇಳುವುದು ಸರಳ ವಿವರಗಳನ್ನು: ಫೋಟೊ, ವಸ್ತುವಿನ ಬಗೆ, ಅಳತೆ, ಯಾವುದರಿಂದ ಮಾಡಿದ್ದು, ಬರಹ, ಕಾಲ, ಬೇರೆಯದರಿಂದ ಗುರುತಿಸುವ ಸೊಟ್ಟ, ಸೀಳು, ಬೆಸುಗೆ. ಕಳೆದ ವಸ್ತುವನ್ನು ತನ್ನದೆಂದು ಸಾಧಿಸಲು ಇದಕ್ಕಿಂತ ಗಟ್ಟಿ ಆಧಾರ ಇಲ್ಲ.

ಎದುರು ಪಕ್ಷದ ವಾದಗಳಲ್ಲಿ ಎರಡಕ್ಕೆ ಉತ್ತರ ಹೇಳಬೇಕು. ಮುಚ್ಚಿಟ್ಟ ವಸ್ತುವನ್ನು ಮಕ್ಕಳು ಮರೆಯುತ್ತಾರೆ, ಮರೆತದ್ದು ಗುಜರಿಗೆ ಹೋಗುತ್ತದೆ ಎಂಬುದು ಒಂದು. ಇದರಲ್ಲಿ ಹುರುಳಿದೆ. ಎಷ್ಟೋ ಹಂಡೆಗಳು ತೂಕದ ಲೆಕ್ಕದಲ್ಲಿ ಮಾರಿಹೋಗಿವೆ. ಆದರೆ ನಿತ್ಯ ಕಣ್ಣೆದುರಿರುವ ಕಪಾಟನ್ನು ಮನೆಯವರು ಆರು ತಿಂಗಳಲ್ಲಿ ನೋಡುವುದನ್ನೇ ಬಿಡುತ್ತಾರೆ. ವರ್ಷಕ್ಕೊಮ್ಮೆ ಇಳಿಸಿ, ಕೈಯಲ್ಲಿ ಹಿಡಿದು, ಅಜ್ಜ ಅಜ್ಜಿಯರ ಬಾಯಿಂದ ಕೇಳಿದ ವಸ್ತುವನ್ನು ಮಗು ಮರೆಯುವುದಿಲ್ಲ. ಪ್ರದರ್ಶನವೇ ಬೇಡವೆಂಬುದೂ ವಾದವಲ್ಲ. ಒಂದು ಸಲಕ್ಕೆ ಒಂದೆರಡು ವಸ್ತು, ಮಳೆ ಇಲ್ಲದ ತಿಂಗಳಲ್ಲಿ, ಒಳಗೋಡೆಯ ಬದಿಗೆ, ಕಿಟಕಿಯಿಂದ ದೂರ, ಗಾಳಿಯಾಡುವಂತೆ ಇಟ್ಟು ಮತ್ತೆ ಒಳಗಿಡುವುದು ಸರಿಯಾದ ಪ್ರದರ್ಶನ.

ಮನೆಯವರಿಂದ ಇದೆಲ್ಲ ಆಗದು, ಎಲ್ಲವನ್ನೂ ಸರ್ಕಾರಿ ಸಂಗ್ರಹಾಲಯಕ್ಕೆ ಕೊಡಬೇಕೆಂಬುದು ಇನ್ನೊಂದು ವಾದ. ಈ ಸೀಮೆಯ ಇತಿಹಾಸವೇ ಇದಕ್ಕೆ ಉತ್ತರ. ಕೆಳದಿಯ ವಸ್ತುಸಂಗ್ರಹಾಲಯ ಹುಟ್ಟಿದ್ದು ಕೆಳದಿ ಗುಂಡಾ ಜೋಯಿಸರ ಸ್ವಂತ ಆಸಕ್ತಿಯಿಂದ. ಅವರು ತಾಳೆಗರಿ, ಕಾಗದಪತ್ರಗಳನ್ನು ಕೂಡಿಸಿದರು, ಓದಿದರು, ಅವುಗಳ ಆಧಾರದಿಂದ ಕೆಳದಿ ಅರಸರ ಇತಿಹಾಸ ಬರೆದರು. ಮುಂದೆ ಆ ಸಂಗ್ರಹಾಲಯ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು. ಕೌಟಿಲ್ಯನ ಅರ್ಥಶಾಸ್ತ್ರವೂ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ಬಂದದ್ದು ತಂಜಾವೂರು ಕಡೆಯ ಪಂಡಿತರೊಬ್ಬರ ತಾಳೆಗರಿಯ ಕಟ್ಟಾಗಿ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಮೊದಲು ಖಾಸಗಿಯವರ ಕೈಯಲ್ಲಿ ಉಳಿದದ್ದರಿಂದಲೇ ಮುಂದೆ ಸಂಸ್ಥೆಗೆ ಸಿಕ್ಕಿತು. ಓದಲಾರದ ಕಟ್ಟು, ಕಾಯಲಾರದ ವಿಗ್ರಹ ಮನೆಯಲ್ಲಿದ್ದರೆ ಸಂಸ್ಥೆಗೆ ಒಪ್ಪಿಸುವುದೇ ಧರ್ಮ. ಉಳಿದದ್ದಕ್ಕೆ ಮನೆಯೇ ಮೊದಲ ಕಾವಲು.

ಕಾನೂನಿನ ಭಯವನ್ನೂ ಬಿಡಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. 100 ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಹಸ್ತಪ್ರತಿ ಅದರ ಪ್ರಕಾರ ಪುರಾವಸ್ತು. ಹಳೆಯ ಶಿಲ್ಪ, ಚಿತ್ರ, ಚಿತ್ರವಿರುವ ಹಸ್ತಪ್ರತಿಗಳನ್ನು ನೋಂದಾಯಿಸಬೇಕು. ನೋಂದಾಯಿಸಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ, ಕದ್ದುಹೋದಾಗ ಆ ನೋಂದಣಿಯೇ ಆಧಾರ. ನೆಲದಡಿ ಸಿಕ್ಕ ಇಕ್ಕೇರಿ ವರಹವನ್ನು ಮುಚ್ಚಿಟ್ಟುಕೊಳ್ಳುವುದು ಅಪರಾಧ. ವಂಶಪಾರಂಪರ್ಯವಾಗಿ ಬಂದ ಉಮಾಮಹೇಶ್ವರರ ಮುದ್ರೆಯ ವರಹಕ್ಕೆ ತೂತು ಕೊರೆದು ಪದಕ ಮಾಡಿಸುವುದು ಅವಿವೇಕ. ಗೋಡೆಯ ಕಡವೆ ಕೊಂಬಿಗೆ 1972ರ ವನ್ಯಜೀವಿ ಕಾಯಿದೆಯ ಒಡೆತನ ಪತ್ರ, ಕೋವಿಗೆ 1959ರ ಆಯುಧ ಕಾಯಿದೆಯ ಪರವಾನಗಿ ಇರಲೇಬೇಕು.

ಹಾಗಾದರೆ ಕೆಲಸ ಇಷ್ಟು: ಗೋಡೆಯಿಂದ ಒಂದು ಗೇಣು, ನೆಲದಿಂದ ಒಂದು ಮೊಳ ದೂರ, ಗಾಳಿಯಾಡುವ ಮರದ ಅಥವಾ ಕಬ್ಬಿಣದ ಕಪಾಟು. ಬಣ್ಣವಿಲ್ಲದ ಹತ್ತಿಬಟ್ಟೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮುಟ್ಟಿ ನೋಡುವುದು, ನವರಾತ್ರಿಗೆ ಎಲ್ಲವನ್ನೂ ಬಿಚ್ಚಿ ನೋಡುವುದು. ಪ್ರತಿ ವಸ್ತುವಿಗೂ ಒಂದು ಚೀಟಿ, ಒಂದು ಫೋಟೊ, ಒಂದು ಸಾಲಿನ ಕಥೆ. ಅದರ ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿ. ಇದರಲ್ಲಿ ಯಾವುದಕ್ಕೂ ಗಾಜಿನ ಕಪಾಟಿಗೆ ಆಗುವಷ್ಟು ಖರ್ಚಿಲ್ಲ. ಆ ಹಣ ಮಳೆ ಹಿಡಿಯುವ ಮೊದಲು ಮನೆಯ ಹೆಂಚು ಕೈಯಾಡಿಸಲು ಹೋಗಲಿ. ಮಾಡು ಸೋರದ ಮನೆಯಲ್ಲಿ, ಹೆಸರು ಬರೆದಿಟ್ಟ ವಸ್ತು ಕತ್ತಲೆಯಲ್ಲಿದ್ದರೂ ಉಳಿಯುತ್ತದೆ.